ಕಾಫಿ ಕುಯ್ಲು ಕಪ್ಪು-ಬಿಳುಪಿನಲ್ಲಿ: ಏಳನೇ ರೋಲ್ ತನಕ

ಕೊಡಗಿನ ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ, ಲೈನ್ ಮನೆಯವರ (ತೋಟದವರು ಕೊಟ್ಟ ಸಾಲುಮನೆಗಳಲ್ಲಿರುವ ಕೂಲಿಯವರ) ಕೆಲಸದ ದಿನವನ್ನು ಫಿಲ್ಮ್‌ನಲ್ಲಿ ತೆಗೆಯಲು ಶುರುಮಾಡಿ ಎರಡು ತಿಂಗಳಾಯಿತು. ಏಳು ರೋಲ್ ಮುಗಿದಿದೆ. ಇಟ್ಟುಕೊಳ್ಳಬಹುದಾದ ಚಿತ್ರ ಹನ್ನೊಂದು.

ಮೊದಲ ಎರಡು ರೋಲ್ ಕೈಕೊಟ್ಟವು. ತೊಳೆಯಲು ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದ್ದೆ, ಉದ್ದಕ್ಕೂ ಗೀರು ಬಿದ್ದು ಬಂದವು. ಆಮೇಲಿಂದ ಬಚ್ಚಲಲ್ಲಿ ನಾನೇ ತೊಳೆಯುತ್ತಿದ್ದೇನೆ. ಎಚ್‌ಪಿ5 ಫಿಲ್ಮ್, ಡಿ-76 ಡೆವಲಪರ್ ದ್ರಾವಣ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಜನವರಿಯ ಬೆಳಿಗ್ಗೆ ನಮ್ಮ ಟ್ಯಾಂಕಿನ ನೀರಿಗೆ ಐಸ್ ಬೇಕಾಗುವುದಿಲ್ಲ.

ದೊಡ್ಡ ತಲೆನೋವು ಬೇರೆ ಇತ್ತು. ರೊಬಸ್ಟಾ ಗಿಡ ಕೆಂಪಗೆ ಹಣ್ಣು ತುಂಬಿ ನಿಂತಿರುತ್ತದೆ. ನೆಗೆಟಿವ್ ನೋಡಿದರೆ ಹಣ್ಣೂ ಎಲೆಯೂ ಒಂದೇ ಬೂದು! ಕುಯ್ಯುವವರ ಕಣ್ಣು ಇಡೀ ದಿನ ಕೆಂಪು ಯಾವುದು, ಹಸಿರು ಯಾವುದು ಅಂತಲೇ ಹುಡುಕುತ್ತಿರುತ್ತದೆ. ಅದೇ ಚಿತ್ರದಲ್ಲಿ ಕಾಣದಿದ್ದರೆ ಏನು ತೆಗೆದ ಹಾಗಾಯ್ತು? ಕಿತ್ತಳೆ ಫಿಲ್ಟರ್ ಹಾಕಿ ನೋಡಿದೆ. ಹಣ್ಣು ತಿಳಿಯಾಯಿತು, ಎಲೆ ಕಪ್ಪಾಯಿತು, ಜೊತೆಗೆ ಜನರ ಮುಖವೂ ಬೆಳ್ಳಗಾಯಿತು. ಇದು ನನಗೆ ಸರಿ ಕಾಣಲಿಲ್ಲ. ಅವರ ಮೈಬಣ್ಣ ತಿಳಿಮಾಡಲು ನಾನ್ಯಾರು?

ಈಗ ಹಳದಿ-ಹಸಿರು ಫಿಲ್ಟರ್ ಬಳಸುತ್ತಿದ್ದೇನೆ. ಹಣ್ಣು ಕಪ್ಪಗೆ ಎದ್ದು ಕಾಣುತ್ತದೆ. ಆದರೆ ಎರಡು ಸ್ಟಾಪ್ ಬೆಳಕು, ಅಂದರೆ ನಾಲ್ಕರಲ್ಲಿ ಮೂರು ಪಾಲು, ತಿನ್ನುತ್ತದೆ. ಸಿಲ್ವರ್ ಓಕ್ ನೆರಳಲ್ಲಿ ಶಟರ್ ಸೆಕೆಂಡಿನ 1/30ಕ್ಕೆ ಇಳಿಯಲೇಬೇಕು, ಕುಯ್ಯುವ ಕೈ ಕದಡುತ್ತದೆ. ಕದಡಲಿ ಬಿಡಿ, ಆ ಕೈ ಓಡುವುದೇ ಹಾಗೆ. ಇನ್ನೊಂದು ಮಾತು: ಬೆಳಕು ಅಳೆಯುವ ಮೀಟರಿಗೆ ಎಲ್ಲವನ್ನೂ ನಡುಬೂದು ಮಾಡುವ ಚಟ. ಕಪ್ಪು ಮುಖ ಫ್ರೇಮ್ ತುಂಬಿದ್ದರೆ ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಕಡಿಮೆ ಕೊಡುತ್ತೇನೆ.

ನಾಲ್ಕು ಗಂಟೆಗೆ ಕುಯ್ಲು ನಿಲ್ಲುತ್ತದೆ. ಟಾರ್ಪಾಲಿನ ಮೇಲೆ ಸುರಿದ ಹಣ್ಣಿನಿಂದ ಎಲೆ, ಕಡ್ಡಿ, ಹಸಿ ಕಾಯಿ ಆರಿಸಿ ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ ತಕ್ಕಡಿಗೆ ಒಯ್ಯಬೇಕು. ಯರವ ಆದಿವಾಸಿ ಸಮುದಾಯದ ಅಜ್ಜಿಯೊಬ್ಬರು ಕಾಲು ಚಾಚಿ ಕೂತು ಎರಡೂ ಕೈಯಲ್ಲಿ ರಾಶಿ ಸವರುತ್ತಾರೆ. ಬೆರಳ ತುದಿಯೆಲ್ಲ ಅಂಟು ಹಿಡಿದು ಕರ್ರಗಾಗಿದೆ. ಹೆಬ್ಬೆರಳಿಗೆ ಹಳೇ ಸೀರೆಯ ಅಂಚು ಸುತ್ತಿದ್ದಾರೆ. ರಾಶಿಯ ಕಡೆ ನೋಡುವುದೇ ಇಲ್ಲ, ಪಕ್ಕದವರ ಜೊತೆ ಮಾತಾಡುತ್ತಲೇ ಹಸಿ ಕಾಯಿ ಬೆರಳಿಗೆ ಸಿಕ್ಕಿ ಪಕ್ಕಕ್ಕೆ ಹಾರುತ್ತದೆ. ಮೂರನೇ ರೋಲ್ ಪೂರ್ತಿ ಆ ಕೈಗಳಿಗೇ ಹೋಯಿತು. ಮೊದಲೆಲ್ಲ ನಾನು ಬಡತನವನ್ನೇ ಹುಡುಕುತ್ತಿದ್ದೆ, ಹರಿದ ಚಾಪೆ, ಹೊಗೆ ಹಿಡಿದ ಗೋಡೆ. ಈಗ ಕೆಲಸ ನೋಡುತ್ತಿದ್ದೇನೆ.

ಒಪ್ಪಿಗೆ ಕೇಳುವ ರೀತಿಯನ್ನೂ ಬದಲಿಸಿದೆ. ತೋಟದ ಸಾಹುಕಾರರು "ತೆಗೆಯಿರಿ, ಪರವಾಗಿಲ್ಲ" ಅಂದರೆ ಲೈನ್‌ನವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ಇರುವ ಮನೆಯೂ ತೋಟದ್ದೇ ಅಲ್ವಾ. ಹಾಗಾಗಿ ಸಂತೆ ದಿನ, ತೋಟದಿಂದ ಆಚೆ, ಒಬ್ಬೊಬ್ಬರನ್ನೇ ಕೇಳುತ್ತೇನೆ. ಅಲ್ಲಿ ನಾಲ್ಕು ಜನ ಬೇಡ ಅಂದರು. ತೋಟದಲ್ಲಿ ಕೇಳಿದಾಗ ಅವರೇ ಸುಮ್ನೆ ತಲೆಯಾಡಿಸಿದ್ದರು.

ಅಮೆರಿಕದ ಫೋಟೊಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ ತಾಯಿ-ಮಕ್ಕಳ ಚಿತ್ರ ನನ್ನ ತಲೆಯಿಂದ ಹೋಗುವುದಿಲ್ಲ. ಅದು ಬಟಾಣಿ ಕುಯ್ಯುವ ಕೂಲಿಗಳ ಬಿಡಾರ. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೋಕೀ ಆದಿವಾಸಿ ಮೂಲದವರು. ಹೆಸರು ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂತ ಆಕೆ ನೊಂದುಕೊಂಡಿದ್ದರು. ಅದಕ್ಕೇ ನಾನು ಕಾಂಟ್ಯಾಕ್ಟ್ ಶೀಟನ್ನು (ಒಂದು ರೋಲಿನ ಎಲ್ಲ ಫ್ರೇಮ್ ಚಿಕ್ಕದಾಗಿ ಅಚ್ಚಾದ ಹಾಳೆ) ಮೊದಲು ಲೈನ್‌ಗೇ ಒಯ್ಯುತ್ತೇನೆ.

ಹೋದ ವಾರ ಅಜ್ಜಿ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬಣ್ಣ ಯಾಕಿಲ್ಲ ಮಗಾ?" ಅಂದರು. ಬಣ್ಣ ಇದ್ದರೆ ಎಲ್ಲರೂ ಸೀರೆ ನೋಡುತ್ತಾರೆ ಅಜ್ಜಿ, ಇದರಲ್ಲಿ ನಿಮ್ಮ ಕೈ ನೋಡುತ್ತಾರೆ ಅಂದೆ. ಅವರು ಕೈ ತಿರುಗಿಸಿ ನೋಡಿಕೊಂಡರು. ಆಮೇಲೆ ಒಂದು ಫ್ರೇಮ್ ಮೇಲೆ ಬೆರಳಿಟ್ಟು, "ಇದು ಬೇಡ, ರವಿಕೆ ಹರಿದಿದೆ" ಅಂದರು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅದೇ. ತೆಗೆದಿಟ್ಟೆ. ಅದಕ್ಕೇ ಹನ್ನೆರಡಿದ್ದದ್ದು ಹನ್ನೊಂದಾಯಿತು.

ಮುಂದಿನದು ಕರಿಮೆಣಸು. ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಹತ್ತುವವರನ್ನು ಕೆಳಗಿನಿಂದ ತೆಗೆದರೆ ಆಕಾಶದ ಬೆಳಕಿಗೆ ಬರೀ ನೆರಳಾಗುತ್ತಾರೆ. ಪಕ್ಕದ ಮರ ನಾನೂ ಹತ್ತಬೇಕೇನೋ, ಮೊದಲು ಮೇಸ್ತ್ರಿಯನ್ನು ಕೇಳಬೇಕು. ಅದಕ್ಕೂ ಮುಂಚೆ ಅಜ್ಜಿ ಆರಿಸಿದ ಎರಡು ಪ್ರಿಂಟ್ ಸಂತೆ ದಿನದೊಳಗೆ ಒಣಗಬೇಕು.