ಪಟ್ಟಿ ಬರುವ ಮುಂಚಿನ ಐದು ತಿಂಗಳು

ನಾನು ಒಂದು ತೈಲ ಕಂಪನಿಯ ರಿಫೈನರಿಯಲ್ಲಿ ಮೇಂಟೆನೆನ್ಸ್ ಪ್ಲಾನರ್. ಯಾವ ಪಂಪನ್ನು ಯಾವಾಗ ನಿಲ್ಲಿಸಬೇಕು, ಯಾರು ಬಿಚ್ಚಬೇಕು, ಬಿಡಿಭಾಗ ಬಂದಿದೆಯಾ ಅಂತ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ತಂಡದಲ್ಲಿ ಹನ್ನೊಂದು ಜನ ಇದ್ದರು. ಈಗ ಏಳು.

ಸುದ್ದಿ ಮೊದಲು ಬಂದದ್ದು ಒಂದು ಈಮೇಲ್‌ನಲ್ಲಿ. 'ಸಂಸ್ಥೆಯ ಪುನರ್‌ರಚನೆ' ಅಂತ ಇತ್ತು. ಅಂದರೆ ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆ. ಎಷ್ಟು ಜನ, ಯಾವ ವಿಭಾಗ, ಯಾವಾಗ, ಒಂದೂ ಇರಲಿಲ್ಲ. ಮುಂದಿನ ವಾರ ಎಲ್ಲರನ್ನೂ ಕೂರಿಸಿ ಸಭೆ ಮಾಡಿದರು. ಏನು ಕೇಳಿದರೂ ಒಂದೇ ಉತ್ತರ: "ಸರಿಯಾದ ಸಮಯಕ್ಕೆ ತಿಳಿಸುತ್ತೇವೆ." ಆ ಸಮಯ ಬರುವುದಕ್ಕೆ ಐದು ತಿಂಗಳು ಹಿಡಿಯಿತು.

ತೈಲದ ಕೆಲಸಕ್ಕೆ ಬಂದವರಿಗೆ ಏರಿಳಿತ ಹೊಸದಲ್ಲ. 2014ರ ಜೂನ್‌ನಲ್ಲಿ, ಜಗತ್ತಿನ ತೈಲ ಬೆಲೆಗೆ ಅಳತೆಗೋಲಾದ ಬ್ರೆಂಟ್ ಕಚ್ಚಾತೈಲ ಬ್ಯಾರೆಲ್‌ಗೆ 110 ಡಾಲರ್ ದಾಟಿತ್ತು. 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಅನ್ನುವ ಕಚ್ಚಾತೈಲದ ವಾಯಿದೆ ಬೆಲೆ, ಅಂದರೆ ಮುಂದೆ ಕೊಡುವ ತೈಲಕ್ಕೆ ಈಗಲೇ ಕುದುರಿಸುವ ಬೆಲೆ, ಸೊನ್ನೆಗಿಂತಲೂ ಇಳಿದು ಮೈನಸ್ 37.63 ಡಾಲರ್‌ಗೆ ನಿಂತಿತು. ಬೆಲೆ ಬಿದ್ದಾಗಲೆಲ್ಲ ಕೆಲಸಗಳೂ ಹೋಗಿವೆ. 2025ರಲ್ಲಿ ಅಮೆರಿಕದ ತೈಲ ಕಂಪನಿ ಶೆವ್ರಾನ್ ತನ್ನ ನೌಕರರಲ್ಲಿ ಶೇಕಡಾ 15ರಿಂದ 20ರಷ್ಟು ಕಡಿಮೆ ಮಾಡುವುದಾಗಿ ಹೇಳಿತು. ಬ್ರಿಟನ್ನಿನ ತೈಲ ಕಂಪನಿ ಬಿಪಿ 4,700 ಹುದ್ದೆ ತೆಗೆಯುವ ಲೆಕ್ಕ ಕೊಟ್ಟಿತು. ಓದಿದರೆ ಹೊಟ್ಟೆ ಉರಿಯುತ್ತದೆ. ಆದರೂ ಅಲ್ಲಿ ಒಂದು ಅಂಕಿ ಇತ್ತು. ಅಂಕಿ ಗೊತ್ತಿದ್ದರೆ ಸಾಲ ತೀರಿಸುವುದು ಹೇಗೆ, ಬೇರೆ ಕೆಲಸ ಈಗಲೇ ಹುಡುಕಬೇಕಾ ಅಂತ ಕೂತು ಯೋಚಿಸಬಹುದು. ನಮಗೆ ಅದೂ ಇರಲಿಲ್ಲ.

ಮೊದಲು ಗುತ್ತಿಗೆಯವರನ್ನು ಕಳಿಸಿದರು. ಅವರ ಕೆಲಸ ನಮ್ಮ ಮೇಲೆ ಬಿತ್ತು. ಆಮೇಲೆ ಹೊರಗಿನಿಂದ ಕನ್ಸಲ್ಟೆಂಟ್‌ಗಳು ಬಂದರು. ಪ್ರತಿಯೊಬ್ಬರ ಕೈಗೂ ಒಂದು ಫಾರಂ ಕೊಟ್ಟು, 'ಕಂಪನಿಗೆ ನಿಮ್ಮಿಂದ ಏನು ಲಾಭ' ಅಂತ ಬರೆಯಿರಿ ಅಂದರು. ನಮ್ಮಲ್ಲಿ ಇಪ್ಪತ್ತಾರು ವರ್ಷ ದುಡಿದ ಒಬ್ಬ ಆಪರೇಟರ್ ಇದ್ದರು. ಪಂಪಿನ ಸದ್ದು ಕೇಳಿಯೇ ಬೇರಿಂಗ್ ಹೋಗುತ್ತಿದೆ ಅಂತ ಹೇಳುವವರು. ಅವರು ಆ ಜಾಗ ಖಾಲಿ ಬಿಟ್ಟು ಫಾರಂ ವಾಪಸ್ ಕೊಟ್ಟರು. ಆ ಹಾಳೆ ನೋಡಿ ನನಗೆ ತುಂಬಾ ಸಂಕಟವಾಯಿತು.

ನಾನೂ ಒಂದು ದೊಡ್ಡ ತಪ್ಪು ಮಾಡಿದೆ. "ನಮ್ಮ ವಿಭಾಗಕ್ಕೆ ಏನೂ ಆಗಲ್ಲ" ಅಂತ ಮೇಲಿನವರು ಬಾಯಿಮಾತಿಗೆ ಅಂದಿದ್ದರು. ನಾನು ಅದನ್ನೇ ತಂಡಕ್ಕೆ ಹೇಳಿದೆ. ಅವರ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡರೆ ಸಾಕು ಅನ್ನಿಸಿತ್ತು. ಆ ಮಾತು ನಂಬಿ ಒಬ್ಬ ಹುಡುಗ ಮನೆ ಸಾಲಕ್ಕೆ ಸಹಿ ಹಾಕಿದ. ಕೊನೆಗೆ ಕೆಲಸದಿಂದ ತೆಗೆಯುವವರ ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಬದಲಾವಣೆ ನನ್ನ ಕಣ್ಣಿಗೆ ಬೀಳಲು ಮೂರು ತಿಂಗಳು ಬೇಕಾಯಿತು. ಅನಾಹುತ ಸ್ವಲ್ಪದರಲ್ಲಿ ತಪ್ಪಿದರೆ ನಾವು ನಿಯರ್ ಮಿಸ್ ಅಂತ ವರದಿ ಬರೆಯುತ್ತೇವೆ. ತಿಂಗಳಿಗೆ ಹದಿನೈದು, ಇಪ್ಪತ್ತು ಬರುತ್ತಿದ್ದವು. ಆ ತಿಂಗಳು ಬಂದದ್ದು ನಾಲ್ಕು. ಯಾಕೆ ಅಂತ ಕೇಳಿದಾಗ ಒಬ್ಬ ಟೆಕ್ನಿಷಿಯನ್ ಮೆಲ್ಲಗೆ ಹೇಳಿದ: "ಸರ್, ವರದಿ ಬರೆದರೆ ತಪ್ಪು ಯಾರದು ಅಂತ ಹುಡುಕುತ್ತಾರೆ. ಆ ಹೆಸರು ಪಟ್ಟಿಗೆ ಹೋಗುತ್ತೆ." ಶಿಫ್ಟ್ ಬದಲಾಗುವಾಗಿನ ಮಾತೂ ಕಡಿಮೆಯಾಗಿತ್ತು. ಗೊತ್ತಿರುವುದನ್ನು ತನ್ನಲ್ಲೇ ಇಟ್ಟುಕೊಂಡರೆ ನನ್ನನ್ನು ತೆಗೆಯಲ್ಲ ಅನ್ನುವ ಲೆಕ್ಕಾಚಾರ ಶುರುವಾಗಿತ್ತು. ಅವರನ್ನು ದೂರುವುದು ಹೇಗೆ?

ಆದರೆ ಇದು ತೈಲ, ಗ್ಯಾಸ್ ಇರುವ ಜಾಗ. 1988ರ ಜುಲೈ 6ರಂದು ಬ್ರಿಟನ್ ಬಳಿಯ ಉತ್ತರ ಸಮುದ್ರದಲ್ಲಿ ತೈಲ ತೆಗೆಯುತ್ತಿದ್ದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್‌ನಲ್ಲಿ 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವನ್ನು ರಿಪೇರಿಗೆ ಬಿಚ್ಚಿದ್ದರು. ಆ ವಿಷಯ ರಾತ್ರಿ ಪಾಳಿಯವರಿಗೆ ತಲುಪಲಿಲ್ಲ. ಅವರು ಅದೇ ಪಂಪನ್ನು ಶುರು ಮಾಡಿದರು, ಸೋರಿಕೆಯಾಗಿ ಸ್ಫೋಟವಾಯಿತು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿ ಸ್ಫೋಟದಲ್ಲಿ 15 ಜನ ಸತ್ತರು. ಖರ್ಚು ಕಡಿತವೂ ಅದಕ್ಕೆ ದಾರಿ ಮಾಡಿತ್ತು ಅಂತ ತನಿಖೆಯೇ ಹೇಳಿತು. ನಮಗೆ ಇವನ್ನೆಲ್ಲ ತರಬೇತಿಯಲ್ಲಿ ಪಾಠ ಮಾಡುತ್ತಾರೆ. ಪಾಠ ಮಾಡಿಸುವ ಮ್ಯಾನೇಜ್‌ಮೆಂಟೇ ಜನರ ಬಾಯಿ ಕಟ್ಟಿದರೆ ಹೇಗೆ?

ಅವತ್ತು ಪ್ಲಾಂಟ್ ಮ್ಯಾನೇಜರ್‌ಗೆ ಪತ್ರ ಬರೆದೆ. ವರದಿ ಬರೆದವರ ಹೆಸರನ್ನು ಪಟ್ಟಿಗೆ ಬಳಸುವುದಿಲ್ಲ ಅಂತ ಲಿಖಿತವಾಗಿ ಕೊಡಿ ಅಂತ ಕೇಳಿದೆ. ಎರಡು ವಾರ ಬೆನ್ನು ಹತ್ತಿದ ಮೇಲೆ, ಬಳಸುವುದಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಅದನ್ನು ಕಂಟ್ರೋಲ್ ರೂಮಿನ ಬಾಗಿಲಿಗೆ ಅಂಟಿಸಿದೆ. ಪ್ರತಿ ಸೋಮವಾರ ಹತ್ತು ನಿಮಿಷ ತಂಡವನ್ನು ಸೇರಿಸತೊಡಗಿದೆ. ನನಗೆ ಇಷ್ಟು ಗೊತ್ತು, ಇದು ಗೊತ್ತಿಲ್ಲ, ಇದನ್ನು ಮೇಲೆ ಕೇಳಿದೆ, ಉತ್ತರ ಬಂದಿಲ್ಲ. ಅಷ್ಟೇ ಹೇಳುತ್ತಿದ್ದೆ. ಸುಮ್ನೆ ಧೈರ್ಯ ತುಂಬುವುದನ್ನು ಬಿಟ್ಟೆ. ಮುಂದಿನ ತಿಂಗಳು ಹನ್ನೊಂದು ವರದಿ ಬಂದವು.

ಎಚ್‌ಆರ್‌ ಹತ್ತಿರ ಹೋಗಿ ಕೇಳಬೇಕಾದ್ದನ್ನೂ ಒಟ್ಟಿಗೆ ಕೂತು ಬರೆದೆವು. ನೋಟಿಸ್ ಎಷ್ಟು ದಿನ, ಉಳಿದ ರಜೆಗೆ ದುಡ್ಡು ಬರುತ್ತಾ, ಆರೋಗ್ಯ ವಿಮೆ ಯಾವ ದಿನದವರೆಗೆ, ತಾನಾಗಿ ರಾಜೀನಾಮೆ ಕೊಟ್ಟರೆ ಪರಿಹಾರ ಹೋಗುತ್ತಾ. ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಬೇರೆ ವಿಭಾಗದ ಒಬ್ಬರು ಸಿಟ್ಟಿನಲ್ಲಿ ಪಟ್ಟಿಗೆ ಆರು ವಾರ ಮುಂಚೆ ಬಿಟ್ಟು ಹೋದರು, ಪರಿಹಾರದ ಒಂದು ಪೈಸೆಯೂ ಸಿಗಲಿಲ್ಲ. ಹಾಗೆಯೇ, ಕೈಗೆ ಕೊಟ್ಟ ಕಾಗದಕ್ಕೆ ಅದೇ ದಿನ ಸಹಿ ಹಾಕಬೇಡಿ. ಮನೆಗೆ ಒಯ್ದು ಓದಿ, ತಿಳಿದವರಿಗೆ ತೋರಿಸಿ.

ಪಟ್ಟಿ ಒಂದು ಗುರುವಾರ ಬಂತು. ನಾಲ್ವರು. ಫಾರಂ ಖಾಲಿ ಕೊಟ್ಟಿದ್ದ ಆಪರೇಟರ್ ಕೂಡ ಅದರಲ್ಲಿದ್ದರು.

ಕೊನೆಯ ಶಿಫ್ಟ್ ಮುಗಿದ ಮೇಲೂ ಅವರು ಎರಡು ಗಂಟೆ ಉಳಿದರು. ಯಾರೂ ಕೇಳಿರಲಿಲ್ಲ. ಹೊಸ ಹುಡುಗನನ್ನು ಕರೆದುಕೊಂಡು ಪಂಪಿನಿಂದ ಪಂಪಿಗೆ ನಡೆದರು. ಉದ್ದನೆ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, "ಕೇಳು, ಇದು ಸರಿ ಇದೆ. ಈಗ ಆ ಕಡೆಯದು ಕೇಳು" ಅಂದರು. ಹುಡುಗ ಮೂರು ಸಲ ಕೇಳಿ ವ್ಯತ್ಯಾಸ ಹಿಡಿದ. ಆ ಪಂಪನ್ನು ಮುಂದಿನ ಶಟ್‌ಡೌನ್‌ನಲ್ಲಿ ಬಿಚ್ಚಬೇಕು ಅಂತ ಅವತ್ತೇ ಪ್ಲಾನ್‌ಗೆ ಸೇರಿಸಿದೆ. ಬೇರಿಂಗ್‌ಗೆ ಮಂಜೂರಾತಿ ಇನ್ನೂ ಬಂದಿಲ್ಲ. ವಾರಕ್ಕೊಮ್ಮೆ ಕೇಳುತ್ತಲೇ ಇದ್ದೇನೆ.