ಗಿರ್ಲಾಂಡಾಯೊ ಚಿತ್ರ ನೋಡಿ ಗಮುರ್ರಾ ಹೊಲಿಯುವುದು

ಗಮುರ್ರಾ ಎಂದರೆ 15ನೇ ಶತಮಾನದ ಇಟಲಿಯ ಹೆಂಗಸರು ತೊಡುತ್ತಿದ್ದ, ಮೈಗೆ ಬಿಗಿಯಾದ ಉದ್ದ ಉಡುಪು. ಹಳೆಯ ಚಿತ್ರ ನೋಡಿ ಇಂಥ ಉಡುಪು ಹೊಲಿಯಹೊರಟವರು ಬಣ್ಣ, ಜರಿ, ಹೂಬಳ್ಳಿಯಿಂದ ಶುರು ಮಾಡುತ್ತಾರೆ. ಅವೆಲ್ಲ ಕೊನೆಗೆ ಬರಬೇಕಾದವು. ಮೊದಲು ಕೇಳಬೇಕಾದದ್ದು: ಇಷ್ಟು ಬಿಗಿಯಾದ ಉಡುಪನ್ನು ಚಿತ್ರದ ಹೆಂಗಸು ಮೈಮೇಲೆ ಹಾಕಿಕೊಂಡದ್ದು ಹೇಗೆ? ಎದೆ, ಭುಜ, ಸೊಂಟಕ್ಕೆ ಕೂತ ಬಟ್ಟೆಗೆ ಎಲ್ಲೋ ಒಂದು ತೆರಪು ಇರಲೇಬೇಕು. ಅದು ಸಿಕ್ಕಿದರೆ ಕಟಿಂಗ್‌ನ ಅರ್ಧ ಕೆಲಸ ಮುಗಿದಂತೆ.

ಫ್ಲಾರೆನ್ಸ್‌ನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಚಿತ್ರಕಾರ ದೊಮೆನಿಕೊ ಗಿರ್ಲಾಂಡಾಯೊ ಮತ್ತು ಅವನ ಕಾರ್ಯಶಾಲೆ 1485ರಿಂದ 1490ರವರೆಗೆ ಬರೆದ ಭಿತ್ತಿಚಿತ್ರಗಳು ಈ ಕೆಲಸ ಕಲಿಯಲು ತುಂಬಾ ಒಳ್ಳೆಯ ಜಾಗ. ಅಲ್ಲಿನ ಹೆಂಗಸರು ಪೂರ್ತಿ ನಿಂತಿದ್ದಾರೆ, ಆ ಕಾಲದ ನಿಜ ಮನೆತನದ ಉಡುಪಿನಲ್ಲೇ ಇದ್ದಾರೆ. ಮರಿಯ ಮತ್ತು ಎಲಿಸಬೆತ್ ಭೇಟಿಯ ಚಿತ್ರದಲ್ಲಿ ಕಾಣುವ, ಆ ಚಿತ್ರಗಳನ್ನು ಬರೆಸಿದ ಮನೆತನದ ಸೊಸೆ ಜೊವಾನ್ನಾ ತೋರ್ನಬುವೋನಿಯನ್ನೇ 1488ರ ದಿನಾಂಕವಿರುವ ಹಲಗೆಚಿತ್ರದಲ್ಲೂ ನೋಡಬಹುದು. ಅದು ಈಗ ಮ್ಯಾಡ್ರಿಡ್‌ನ ಥಿಸೆನ್ ಸಂಗ್ರಹದಲ್ಲಿದೆ. ಹಲಗೆಚಿತ್ರ ತೋಳಿನ ಸೂಕ್ಷ್ಮ ಕೊಡುತ್ತದೆ, ಗೋಡೆಯದು ಪೂರ್ತಿ ಉದ್ದ ಕೊಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಕೂರಬೇಕು.

ಪದರಗಳನ್ನು ಒಳಗಿನಿಂದ ಎಣಿಸಿ. ಮೈಗೆ ತಾಗಿ ಕಮೀಚಾ, ಅಂದರೆ ಬಿಳಿ ಲಿನನ್‌ನ ಸಡಿಲ ಒಳಅಂಗಿ. ಅದರ ಮೇಲೆ ಬಿಗಿಯಾದ ಗಮುರ್ರಾ. ಎಲ್ಲಕ್ಕೂ ಮೇಲೆ ಜೋರ್ನೆಯಾ, ತೋಳಿಲ್ಲದ, ಎರಡೂ ಪಕ್ಕ ತೆರೆದ ಹೊದಿಕೆ. ಜೊವಾನ್ನಾಳ ಮೇಲಿರುವ ಜರಿ ಬಟ್ಟೆ ಜೋರ್ನೆಯಾ. ಅದನ್ನೇ ಗಮುರ್ರಾದ ಮುಂಭಾಗ ಎಂದುಕೊಂಡು ತೋಳನ್ನು ಅದಕ್ಕೆ ಜೋಡಿಸಿದರೆ ಕಂಕುಳು ಎಂದೂ ಸರಿ ಕೂರುವುದಿಲ್ಲ, ಏಕೆಂದರೆ ತೋಳು ಸೇರಿದ್ದು ಕೆಳಗಿನ ಪದರಕ್ಕೆ.

ಗಮುರ್ರಾದ ತೆರಪು ಸಾಮಾನ್ಯವಾಗಿ ಮುಂದೆ ಅಥವಾ ಪಕ್ಕದಲ್ಲಿ, ಲೇಸ್ (ಕಟ್ಟುವ ದಾರ) ಹಾಕಿ ಬಿಗಿಯುವಂಥದ್ದು. ಮುಂದಿನ ತೆರಪು ಎಷ್ಟು ಕೆಳಗಿಳಿಯಬಹುದು ಎಂಬುದಕ್ಕೆ ಮೊಂತೆರ್ಕಿಯಲ್ಲಿರುವ ಪಿಯೆರೊ ದೆಲ್ಲಾ ಫ್ರಾನ್ಚೆಸ್ಕಾನ ಗರ್ಭಿಣಿ ಮರಿಯಳ ಚಿತ್ರ ನೋಡಿ: ನೀಲಿ ಉಡುಪು ಎದೆಯಿಂದ ಹೊಟ್ಟೆಯ ಕೆಳಗಿನವರೆಗೆ ತೆರೆದಿದೆ, ಒಳಗಿನ ಬಿಳಿ ಕಾಣುತ್ತಿದೆ. ಹೊಟ್ಟೆ ಬೆಳೆದಂತೆ ಲೇಸ್ ಸಡಿಲಿಸಿದರೆ ಅದೇ ಬಟ್ಟೆ ಸಾಕು. ಗೋಡೆಯಲ್ಲಿ ಲೇಸ್ ಕಾಣದಿದ್ದರೆ ಲೇಸೇ ಇರಲಿಲ್ಲ ಎನ್ನಬೇಡಿ. ಗಾರೆ ಒಣಗಿದ ಮೇಲೆ ಬರೆದ ಸಣ್ಣ ವಿವರಗಳು, ಚಿನ್ನ, ನೀಲಿ ಬಣ್ಣ ಕಾಲಾಂತರದಲ್ಲಿ ಮೊದಲು ಉದುರುತ್ತವೆ.

ಲೇಸ್ ಕಟ್ಟುವ ವಿಧಾನ ಇಲ್ಲಿ ದೊಡ್ಡ ವಿಷಯ. ಶೂ ಕಟ್ಟಿದ ಹಾಗೆ ಅಡ್ಡಡ್ಡ ಕತ್ತರಿಯಾಕಾರದಲ್ಲಿ ಹೆಣೆಯುವುದು ಬೇಡ. ಒಂದೇ ಲೇಸ್, ಒಂದು ತುದಿ ಗಂಟು, ಇನ್ನೊಂದು ತುದಿಗೆ ಲೋಹದ ಮೊನೆ, ಓರೆಯಾಗಿ ಏರುತ್ತಾ ಹೋಗಬೇಕು. ಇದಕ್ಕೆ ಎರಡೂ ಕಡೆಯ ತೂತುಗಳು ಎದುರುಬದುರು ಇರಬಾರದು. ತೂತಿನ ಅಂತರ 2.4 ಸೆಂ.ಮೀ. ಇಟ್ಟರೆ ಬಲಕ್ಕೆ 0, 2.4, 4.8, 7.2 ಹೀಗೆ ಗುರುತು ಹಾಕಿ. ಎಡಕ್ಕೆ 0, 1.2, 3.6, 6.0 ಹೀಗೆ. ಮೇಲ್ತುದಿಯ ಜೋಡಿ ಮತ್ತು ಕೆಳತುದಿಯ ಜೋಡಿ ಮಾತ್ರ ಸಮ, ನಡುವಿನವೆಲ್ಲ ಅರ್ಧ ಅಂತರ ಜರುಗಿದವು. ಎಲ್ಲವನ್ನೂ ಸಮ ಹಾಕಿ ಓರೆ ಲೇಸ್ ಎಳೆದರೆ ಒಂದು ಅಂಚು ಮೇಲೇರಿ ಕತ್ತಿನ ಗೆರೆ ಸೊಟ್ಟಗಾಗುತ್ತದೆ. ತೂತನ್ನು ಕತ್ತರಿಸಬೇಡಿ, ದಬ್ಬಣದಿಂದ ಎಳೆಗಳನ್ನು ಪಕ್ಕಕ್ಕೆ ಸರಿಸಿ, ಸುತ್ತ ರೇಷ್ಮೆ ಅಥವಾ ಲಿನನ್ ದಾರದಲ್ಲಿ ಒತ್ತಾಗಿ ಹೊಲಿಯಿರಿ. ಕತ್ತರಿಸಿದ ತೂತು ಎಳೆತಕ್ಕೆ ಹರಿಯುತ್ತದೆ. ತೂತಿನ ಬದಲು ಲೇಸ್ ಹಾಯಲು ಉಂಗುರ ಹೊಲಿಯುವುದಾದರೆ ಅಂಚಿನ ಒಳಬದಿಗೆ ಹೊಲಿಯಿರಿ. 35 ಸೆಂ.ಮೀ. ತೆರಪಿಗೆ 2 ಮೀಟರ್ ಲೇಸ್ ಇರಲಿ, ಬಿಚ್ಚದೆ ಸಡಿಲಿಸಲು ಅಷ್ಟು ಬೇಕು.

ಬ್ಲೌಸ್ ಹೊಲಿದು ಪಳಗಿದ ಕೈ ಇಲ್ಲಿ ತಪ್ಪುವುದು ಡಾರ್ಟ್‌ನಲ್ಲಿ. ಗಮುರ್ರಾಕ್ಕೆ ಎದೆಯ ಡಾರ್ಟ್ (ಆಕಾರಕ್ಕೆ ಬಟ್ಟೆ ಹಿಡಿದು ಹೊಲಿಯುವ ಮೊನೆಮಡಿಕೆ) ಇಲ್ಲ. ಎದೆಯ ಆಕಾರ ಬರುವುದು ಮುಂದಿನ ಅಂಚನ್ನು ಮತ್ತು ಪಕ್ಕದ ಹೊಲಿಗೆಯನ್ನು ಸ್ವಲ್ಪ ಬಾಗಿಸುವುದರಿಂದ, ಜೊತೆಗೆ ಲೇಸಿನ ಎಳೆತದಿಂದ. ಅದಕ್ಕೆ ಒಳಪದರ ಗಟ್ಟಿಯಾಗಿರಬೇಕು: ಎರಡು ಪದರ ಒತ್ತು ನೇಯ್ಗೆಯ ಲಿನನ್. ಒಂದೇ ಪದರ ತೆಳು ಅಸ್ತರ ಹಾಕಿದರೆ ಎದೆಯ ಕೆಳಗೆ ಅಡ್ಡ ಸುಕ್ಕು ಬೀಳುತ್ತದೆ. ಆಗ ಜನ ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿಯುತ್ತಾರೆ, ಸುಕ್ಕು ಇನ್ನೂ ಹೆಚ್ಚುತ್ತದೆ. ಹಾಗೆಂದು ಬಟ್ಟೆಯನ್ನು ಸೆಟೆಸಲು ಒಳಗೆ ಕಡ್ಡಿ ಹಾಕಬೇಡಿ. ಆ ನೇರ, ಮೃದುವಾದ ಎದೆಗೆರೆಯೇ 1480ರ ದಶಕದ ಸೊಗಸು, ಅದನ್ನು ಕೆಡಿಸುವುದು ನೋಡಲಾಗದು.

ಲಂಗಕ್ಕೆ ಕಟಿಂಗ್ ಹೇಗೆ ಎಂದು ಚಿತ್ರವೇ ಹೇಳುತ್ತದೆ, ಮಡಿಕೆ ಎಣಿಸಿದರೆ ಸಾಕು. ಸೊಂಟದಲ್ಲೂ ಅಂಚಿನಲ್ಲೂ ಮಡಿಕೆಯ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇದ್ದರೆ ನೇರ ಆಯತಗಳನ್ನು ನೆರಿಗೆ ಹಿಡಿದದ್ದು. ಸೊಂಟದಲ್ಲಿ ಕಡಿಮೆ, ಕೆಳಗೆ ಹೊಸ ಮಡಿಕೆಗಳು ಹುಟ್ಟಿಕೊಂಡಿದ್ದರೆ ಮೇಲೆ ಕಿರಿದಾದ ಕಲಿಗಳನ್ನು ಜೋಡಿಸಿದ್ದು. ಫ್ಲಾರೆನ್ಸ್‌ನ ಅಳತೆಯ ಒಂದು ಬ್ರಾಚ್ಚೊ ಎಂದರೆ ಸುಮಾರು 58 ಸೆಂ.ಮೀ.; ರೇಷ್ಮೆಯ ಪನ್ನವೂ (ಬಟ್ಟೆಯ ಅಗಲ) ಆ ಆಸುಪಾಸಿನದು. ಆರು ಪನ್ನ ಜೋಡಿಸಿದರೆ ಅಂಚು ಸುಮಾರು 3.5 ಮೀಟರ್. ಅಷ್ಟನ್ನೂ 70 ಸೆಂ.ಮೀ. ಸೊಂಟಕ್ಕೆ ಹಿಡಿಯಬೇಕಾದರೆ 5 ಸೆಂ.ಮೀ. ಬಟ್ಟೆ 1 ಸೆಂ.ಮೀ.ಗೆ ಇಳಿಯಬೇಕು. ತೆಳು ರೇಷ್ಮೆಗೆ ಇದು ಸಾಧ್ಯ, ದಪ್ಪ ವೆಲ್ವೆಟ್‌ಗೆ ಅಸಾಧ್ಯ. ಚಿತ್ರದಲ್ಲಿ ವೆಲ್ವೆಟ್ ಇದ್ದೂ ಸೊಂಟ ತೆಳ್ಳಗಿದ್ದರೆ ಕಲಿ ಕತ್ತರಿಸಿದ್ದಾರೆ ಎಂದೇ ಹಿಡಿಯಿರಿ. ಬಟ್ಟೆ ಆರಿಸುವಾಗಲೂ ಮಡಿಕೆಯೇ ಗುರು. ಮೈಸೂರು ಸಿಲ್ಕ್ ಕ್ರೇಪ್ ಮೈಗೆ ಇಳಿದು ಮೆತ್ತಗೆ ಬೀಳುತ್ತದೆ, ಚಿತ್ರದ ಮುರಿದು ನಿಲ್ಲುವ ಮಡಿಕೆ ಅದರಲ್ಲಿ ಬಾರದು. ಟಾಫೆಟಾ ಅಥವಾ ಗಟ್ಟಿ ಉಣ್ಣೆ ಹುಡುಕಿ.

ತೋಳುಗಳು ಬೇರೆ ತುಂಡು, ಭುಜಕ್ಕೆ ಕಟ್ಟುವಂಥವು. ಭುಜ, ಮೊಣಕೈ, ಮುಂಗೈಯ ಸೀಳುಗಳಲ್ಲಿ ಉಬ್ಬಿ ಬರುವ ಬಿಳಿ ಕಮೀಚಾದ್ದೇ. ಹಾಗಾಗಿ ಕಮೀಚಾದ ತೋಳು ಮೇಲಿನದಕ್ಕಿಂತ 10–15 ಸೆಂ.ಮೀ. ಉದ್ದ, ಎರಡರಷ್ಟು ಅಗಲ ಇರಬೇಕು. ಕಡಿಮೆಯಾದರೆ ಕೈ ಮಡಚಿದಾಗ ಉಬ್ಬು ಒಳಗೆ ಸೇರಿಹೋಗುತ್ತದೆ. ಬಿಳಿ ತುಂಡುಗಳನ್ನು ಸೀಳಿನ ಹಿಂದೆ ಹೊಲಿದು ಮುಗಿಸುವ ಅಡ್ಡದಾರಿ ನಿಂತಾಗ ಚೆನ್ನ, ಕೈ ಎತ್ತಿದೊಡನೆ ಬಾಯಿ ಬಿಡುತ್ತದೆ.

ಅಳತೆಗೆ ಮುಖವನ್ನು ಮಾಪಕ ಮಾಡಿಕೊಳ್ಳಬಹುದು, ಆದರೆ ಕೂದಲಿನ ಗೆರೆಯಿಂದ ಅಳೆಯಬೇಡಿ. ಆಗಿನ ಹೆಂಗಸರು ಹಣೆ ಎತ್ತರ ಕಾಣಲು ಮುಂಗೂದಲು ಕಿತ್ತುಕೊಳ್ಳುತ್ತಿದ್ದರು. ಗದ್ದದಿಂದ ಕಣ್ಣಿಗೆ ಸುಮಾರು 11 ಸೆಂ.ಮೀ. ಎಂದುಕೊಳ್ಳಿ. ಮುದ್ರಣದಲ್ಲಿ ಅದು 2.2 ಇದ್ದರೆ ಎಲ್ಲವನ್ನೂ 5ರಿಂದ ಗುಣಿಸಿ, 1.2 ಸೆಂ.ಮೀ. ಸೀಳು ನಿಜದಲ್ಲಿ 6. ಕತ್ತನ್ನು ಅಳೆಯಲೇಬೇಡಿ, ಜೊವಾನ್ನಾಳ ಕತ್ತನ್ನು ಚಿತ್ರಕಾರ ಬೇಕೆಂದೇ ಎಳೆದಿದ್ದಾನೆ.

ಚಿತ್ರದಲ್ಲಿ ತೆರಪೇ ಕಾಣದ ಉಡುಪೂ ಉಂಟು. 1545ರ ಸುಮಾರಿಗೆ ಚಿತ್ರಕಾರ ಬ್ರೊಂಜೀನೊ ಬರೆದ, ಫ್ಲಾರೆನ್ಸ್ ಡ್ಯೂಕ್ ಕೋಸಿಮೊನ ಹೆಂಡತಿ ತೊಲೇದೊದ ಎಲಿಯೊನೋರಾಳ ಎದೆಯ ಮೇಲೆ ಹೂವಿನ ವಿನ್ಯಾಸ ನಟ್ಟನಡುವೆ ತುಂಡಾಗದೆ ಕೂತಿದೆ. ಮುಂದೆ ತೆರಪಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. 1562ರಲ್ಲಿ ಆಕೆಯನ್ನು ಹೂಳಿದ ಉಡುಪು ಫ್ಲಾರೆನ್ಸ್‌ನ ಪಿತ್ತಿ ಅರಮನೆಯ ಸಂಗ್ರಹದಲ್ಲಿ ಉಳಿದಿದೆ. ಬಹಳ ಕಾಲ ಅದನ್ನೇ ಚಿತ್ರದ ಉಡುಪು ಎಂದು ನಂಬಿದ್ದರು, ಅದು ಬೇರೆಯದೇ, ಸ್ಯಾಟಿನ್‌ನದು. ಆದರೂ ಅದರ ಲೇಸ್ ತೂತುಗಳು ಬೆನ್ನಿನ ಎರಡು ಬದಿಯಲ್ಲಿವೆ. ಬ್ರೊಂಜೀನೊ ಚಿತ್ರಕ್ಕೆ ಕಟಿಂಗ್ ಮಾಡುವವರು ತೆರಪನ್ನು ಅಲ್ಲೇ ಇಡುವುದು ನನ್ನ ಪ್ರಕಾರ ಸರಿಯಾದ ಊಹೆ. ಇದೇ ತೆರಪನ್ನು 1480ರ ಗಮುರ್ರಾಕ್ಕೆ ತಂದು ಹಾಕಬೇಡಿ, ನಡುವೆ ಎರಡು ತಲೆಮಾರು ಕಳೆದಿವೆ.

ರೇಷ್ಮೆಗೆ ಕತ್ತರಿ ಹಾಕುವ ಮುನ್ನ ಇಡೀ ಉಡುಪನ್ನು ಕೋರಾ ಬಟ್ಟೆಯಲ್ಲಿ ಹೊಲಿದು, ಕಮೀಚಾ ಸಮೇತ ತೊಡಿಸಿ, ಚಿತ್ರದ ಭಂಗಿಯಲ್ಲೇ ನಿಲ್ಲಿಸಿ, ಮೂರು ಮೀಟರ್ ದೂರದಿಂದ ಫೋಟೊ ತೆಗೆಯಿರಿ. ಕಂಕುಳಿನಿಂದ ಎದೆಗೆ ಓರೆ ಸುಕ್ಕು ಬಂದರೆ ತೋಳಿನ ಸುತ್ತು ಕಿರಿದು. ಸೊಂಟದ ಹೊಲಿಗೆ ಮುಂದೆ ಏರಿದ್ದರೆ ಮುಂಭಾಗ ಗಿಡ್ಡ, 1 ಸೆಂ.ಮೀ. ಕೂಡಿಸಿ ಮತ್ತೆ ತೊಡಿಸಿ ನೋಡಿ.