ಒಣಗಿದ ಶೀಟಿಗೆ ಬಣ್ಣ ನೆನಪಿರುವುದಿಲ್ಲ: ಕ್ಲೆರೊಡೆಂಡ್ರಮ್ ಥಾಮ್ಸೋನಿಯೆ ದಾಖಲಿಸುವಾಗ

ಪಶ್ಚಿಮ ಆಫ್ರಿಕಾದ ಈ ಹಬ್ಬುವ ಪೊದೆಯನ್ನು ನಮ್ಮೂರುಗಳ ಕಾಂಪೌಂಡ್ ಗೋಡೆ ಮೇಲೂ ನೋಡಿರುತ್ತೀರಿ. ಬಿಳಿ ಚೀಲದಂಥ ಪುಷ್ಪಪಾತ್ರೆ (ದಳಗಳ ಹೊರಗಿನ ಸುತ್ತು), ಅದರ ಬಾಯಿಂದ ಇಣುಕುವ ಕಡುಗೆಂಪು ಹೂ. 1862ರಲ್ಲಿ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ಹಟ್ಟನ್ ಬಾಲ್ಫೋರ್ ಹೆಸರಿಟ್ಟಿದ್ದು ಇಂದಿನ ನೈಜೀರಿಯಾದ ಕಲಾಬಾರ್ ಕಡೆಯಿಂದ ಬಂದ ಗಿಡಕ್ಕೆ. ನೋಡಿದರೇ ಗೊತ್ತಾಗುತ್ತದಲ್ಲ ಎಂಬ ಅಸಡ್ಡೆಯಿಂದಲೋ ಏನೋ, ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ, ಬರುವ ಇದರ ಶೀಟುಗಳಲ್ಲಿ (ಗಿಡ ಅಂಟಿಸಿದ ಹಾಳೆಗಳಲ್ಲಿ) ಅರ್ಧಂಬರ್ಧ ವಿವರಣೆಯೇ ಜಾಸ್ತಿ.

ಪ್ರೆಸ್‌ನಲ್ಲಿ ಒಣಗಿದ ಮೇಲೆ ಬಿಳಿ ಕಂದಾಗುತ್ತದೆ, ಕೆಂಪು ಕಪ್ಪಿಗೆ ತಿರುಗುತ್ತದೆ. ಹಾಗಾಗಿ ಬಣ್ಣವನ್ನು ಗಿಡದ ಹತ್ತಿರವೇ ಬರೆದುಕೊಳ್ಳಬೇಕು, ಅದೂ ಮೊಗ್ಗಿನದ್ದು ಬೇರೆ, ಹಳೆಯ ಹೂವಿನದ್ದು ಬೇರೆ. ಯಾಕೆಂದರೆ ವಯಸ್ಸಾದ ಪುಷ್ಪಪಾತ್ರೆ ಗುಲಾಬಿ-ನೇರಳೆಗೆ ತಿರುಗುತ್ತದೆ; ಬರೀ ಅದನ್ನು ನೋಡಿದವರು ಕ್ಲೆರೊಡೆಂಡ್ರಮ್ ಸ್ಪೆಸಿಯೋಸಮ್ ಎಂದು ಬರೆದುಬಿಡುತ್ತಾರೆ. ಸ್ಪೆಸಿಯೋಸಮ್ ಎಂಬುದು ಥಾಮ್ಸೋನಿಯೆ ಮತ್ತು ಸ್ಪ್ಲೆಂಡೆನ್ಸ್ ಸೇರಿ ಆದ ಮಿಶ್ರತಳಿ, ಅದರ ಪುಷ್ಪಪಾತ್ರೆ ಮೊಗ್ಗಿನಿಂದಲೇ ಕೆಂಪುಗುಲಾಬಿ. ಒಡೆಯದ ಮೊಗ್ಗು ಬೆಳ್ಳಗಿದ್ದರೆ ಥಾಮ್ಸೋನಿಯೆ. ಮೊಗ್ಗಿಲ್ಲದ ರೆಂಬೆ ತರಲೇಬೇಡಿ.

ಇನ್ನೊಂದು ಎಡವಟ್ಟು ಕೇಸರಗಳದ್ದು. ಹೂ ಅರಳಿದಾಗ ನಾಲ್ಕೂ ಕೇಸರ (ಪರಾಗ ಕೊಡುವ ಎಳೆಗಳು) ಮುಂದಕ್ಕೆ ಚಾಚಿರುತ್ತವೆ, ಶಲಾಕನಳಿಕೆ (ಅಂಡಾಶಯದಿಂದ ಏಳುವ ಹೆಣ್ಣುಭಾಗದ ಎಳೆ) ಕೆಳಕ್ಕೆ ಬಾಗಿರುತ್ತದೆ. ಪರಾಗ ಮುಗಿದ ಮೇಲೆ ಕೇಸರಗಳು ಸುರುಳಿ ಸುತ್ತಿಕೊಂಡು, ಶಲಾಕನಳಿಕೆ ಅವುಗಳ ಜಾಗಕ್ಕೆ ಬರುತ್ತದೆ. ಒಂದೇ ಹೂ ಅಳೆದು ‘ಕೇಸರ ಗಿಡ್ಡ’ ಎಂದು ಬರೆದ ವಿವರಣೆ ಇಲ್ಲಿಂದಲೇ ಹುಟ್ಟುವುದು. ಎರಡೂ ಹಂತದ ಹೂ ಬಿಡಿಸಿ, ಒಂದೆರಡನ್ನು 70% ಆಲ್ಕೋಹಾಲ್‌ನಲ್ಲಿಡಿ. ದಳದ ಕೊಳವೆ ಬೇಗ ಕಳಚಿ ಬೀಳುತ್ತದೆ, ಪುಷ್ಪಪಾತ್ರೆ ಮಾತ್ರ ವಾರಗಟ್ಟಲೆ ಉಳಿಯುತ್ತದೆ. ಬಿದ್ದ ಹೂಗಳಿಗೆ ಶೀಟಿನ ಮೂಲೆಯಲ್ಲೊಂದು ಕಾಗದದ ಪೊಟ್ಟಣ ಅಂಟಿಸಿ. 42×28 ಸೆಂ.ಮೀ. ಶೀಟಿನಲ್ಲಿ ಎದುರುಬದುರು ಎಲೆಗಳ ಒಂದು ಜೋಡಿಯಾದರೂ ಕಾಣಲಿ, ಒಂದೆಲೆ ಮಗುಚಿರಲಿ. ಕಾಂಡ ಆಸರೆಗೆ ಸುತ್ತಿಕೊಂಡಿತ್ತೇ, ಎಷ್ಟೆತ್ತರ ಹತ್ತಿತ್ತು ಎಂಬುದನ್ನು ಕತ್ತರಿಸಿದ ರೆಂಬೆ ಹೇಳುವುದಿಲ್ಲ, ನೀವು ಬರೆಯಬೇಕು.

ಕುಟುಂಬದ ವಿಚಾರಕ್ಕೆ ಬಂದರೆ, ಹಳೆಯ ಫ್ಲೋರಾಗಳಲ್ಲಿ (ಒಂದು ಪ್ರದೇಶದ ಗಿಡಗಳನ್ನು ವಿವರಿಸುವ ಪುಸ್ತಕಗಳಲ್ಲಿ) ಇದು ಲಂಟಾನದ ಜೊತೆ ವರ್ಬಿನೇಸಿಯಲ್ಲಿದೆ. ತುಳಸಿಯಲ್ಲಿ ಶಲಾಕನಳಿಕೆ ನಾಲ್ಕು ಹೋಳಿನ ಅಂಡಾಶಯದ ನಡುವಿನ ತಗ್ಗಿನಿಂದ ಏಳುತ್ತದೆ, ಇದರಲ್ಲಿ ಅಂಡಾಶಯದ ತುದಿಯಿಂದ. ಆ ಕಾರಣಕ್ಕೆ ಇದನ್ನು ತುಳಸಿಯಿಂದ ದೂರ ಇಟ್ಟಿದ್ದರು. ಈಗ ಇದು ತುಳಸಿಯದೇ ಲೇಮಿಯೇಸಿ. ಹೂಗೊಂಚಲು ನೋಡಿದರೆ ಸಾಕು: ನಡುವಿನ ಹೂ ಮೊದಲು ಅರಳಿ ಪಕ್ಕದವು ಆಮೇಲೆ ಅರಳುತ್ತವೆ. ಲಂಟಾನದಲ್ಲಿ ಹೊರಗಿನಿಂದ ಒಳಕ್ಕೆ.

ಕ್ಲೆರೊಡೆಂಡ್ರಮ್ ಎಂದು ಬರೆದಿಟ್ಟ ಹಳೆಯ ಫೋಲ್ಡರನ್ನೂ ಒಮ್ಮೆ ಬಿಚ್ಚಿ. ನಮ್ಮ ಗಂಟುಭಾರಂಗಿ ಅದರಲ್ಲೇ ಕೂತಿರಬಹುದು. 1998ರಿಂದ ಅದು ರೋಥೆಕಾ ಸೆರೇಟಾ. ಮೊಗ್ಗು ಕೆಳಬದಿಯಲ್ಲಿ ಮಾತ್ರ ಉಬ್ಬಿ ಸೊಟ್ಟಗಿರುವುದೇ ಗುರುತು. ಥಾಮ್ಸೋನಿಯೆ ಶೀಟಿನ ಲೇಬಲ್‌ನಲ್ಲಿ ‘ತೋಟದಲ್ಲಿ ಬೆಳೆಸಿದ್ದು’ ಎಂದು ತಪ್ಪದೆ ಬರೆಯಿರಿ, ಇಲ್ಲವಾದರೆ ಆಫ್ರಿಕಾದ ಗಿಡ ನಾಳೆ ಕರ್ನಾಟಕದ ಕಾಡುಗಿಡವಾಗಿ ನಕ್ಷೆ ಸೇರುತ್ತದೆ.